ಬ್ಯಾಂಡ್‌ಸಾ: ಕೈಬಲ ಹೆಚ್ಚು ಬೇಕಾಯಿತು ಅಂದರೆ ಮಷೀನು ನಿಲ್ಲಿಸಿ

ಟೇಬಲ್‌ ಸಾ (ಟೇಬಲ್ಲಿನಿಂದ ಮೇಲೆದ್ದ ದುಂಡು ಬ್ಲೇಡಿನ ಗರಗಸ) ಮರವನ್ನು ಹಿಂದಕ್ಕೆ ಎಸೆಯಬಲ್ಲದು. ಬ್ಯಾಂಡ್‌ಸಾದಲ್ಲಿ ಎರಡು ವೀಲುಗಳ ಮೇಲೆ ಪಟ್ಟಿಯಂತೆ ಸುತ್ತುವ ಬ್ಲೇಡು ಕೊಯ್ಯುವ ಜಾಗದಲ್ಲಿ ಮೇಲಿನಿಂದ ಕೆಳಕ್ಕೆ ಓಡುವುದರಿಂದ ಅದು ಮರವನ್ನು ಟೇಬಲ್ಲಿಗೇ ಅದುಮುತ್ತದೆ. ಸದ್ದೂ ಕಡಿಮೆ. ಹಾಗಾಗಿ ಇದು ಸಾಧು ಮಷೀನು ಎಂಬ ನಂಬಿಕೆ ಬೆಳೆದು, ಬೆರಳುಗಳು ದಿನೇ ದಿನೇ ಬ್ಲೇಡಿನ ಹತ್ತಿರ ಸರಿಯುತ್ತವೆ. 14 ಇಂಚಿನ ವೀಲಿರುವ ಮಷೀನಿನಲ್ಲಿ ಬ್ಲೇಡು ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತಿರುತ್ತದೆ ಎಂಬುದು ನೆನಪಿರಲಿ. ಇಲ್ಲಿ ಮುಖ್ಯ ಅಪಾಯ ನಮ್ಮ ತಳ್ಳುವಿಕೆಯದೇ. ಗಂಟು ದಾಟಿದಾಗ, ಮರ ಸೀಳಿಕೊಂಡಾಗ, ಕೊಯ್ತ ಮುಗಿಯುವ ಕೊನೆಯ ಅರ್ಧ ಇಂಚಿನಲ್ಲಿ ಎದುರಿನ ತಡೆ ಥಟ್ಟನೆ ಇಲ್ಲವಾಗುತ್ತದೆ. ತಳ್ಳುತ್ತಿದ್ದ ಕೈ ಅದೇ ರಭಸದಲ್ಲಿ ಮುಂದಕ್ಕೆ ಹೋಗುತ್ತದೆ.

ಆದ್ದರಿಂದ ಕೈಬಲವನ್ನೇ ಅಳತೆಗೋಲು ಮಾಡಿಕೊಳ್ಳಿ. ಸರಿಯಾಗಿ ಹೊಂದಿಸಿದ ಮಷೀನಿಗೆ ಹಗುರವಾದ, ಒಂದೇ ಸಮನಾದ ತಳ್ಳು ಸಾಕು. ಮೈಭಾರ ಹಾಕಬೇಕಾಗಿ ಬಂದರೆ ಎಲ್ಲೋ ತಪ್ಪಿದೆ: ಬ್ಲೇಡು ಮೊಂಡಾಗಿದೆ, ಬ್ಲೇಡಿನ ಬಿಗಿತ (ಟೆನ್ಷನ್) ಸಾಲದು, ಅಥವಾ ಆ ಕೆಲಸಕ್ಕೆ ಆ ಹಲ್ಲು ಹೊಂದುವುದಿಲ್ಲ. ದಪ್ಪ ಮರಕ್ಕೆ ಸಣ್ಣ ಹಲ್ಲಿನ ಬ್ಲೇಡು ಹಾಕಿದರೆ ಹಲ್ಲುಗಳ ನಡುವಿನ ಸಂದಿ ಪುಡಿಯಿಂದ ತುಂಬಿ, ಬ್ಲೇಡು ಕೊಯ್ಯುವುದು ಬಿಟ್ಟು ಉಜ್ಜತೊಡಗುತ್ತದೆ, ಬಿಸಿಯಾಗುತ್ತದೆ. 6 ಇಂಚು ಎತ್ತರದ ತೇಗವನ್ನು ಹಲಗೆಯಾಗಿ ಸೀಳಲು ಇಂಚಿಗೆ 3 ಹಲ್ಲಿನ, ಅರ್ಧ ಅಥವಾ ಮುಕ್ಕಾಲು ಇಂಚು ಅಗಲದ ಬ್ಲೇಡು ಬೇಕು. ತೆಳು ಮರವಾದರೆ ಯಾವಾಗಲೂ ಕನಿಷ್ಠ 3 ಹಲ್ಲು ಮರದೊಳಗಿರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಹಲ್ಲು ಸಿಕ್ಕಿಕೊಂಡು ಮರ ಕುಕ್ಕುತ್ತದೆ. ಬಾಗು ಕೊಯ್ಯಲು ಕಾಲು ಇಂಚಿನ ಬ್ಲೇಡು ಸುಮಾರು 16 ಮಿ.ಮೀ. ತ್ರಿಜ್ಯದವರೆಗೆ ತಿರುಗುತ್ತದೆ. ಅರ್ಧ ಇಂಚಿನದು ಸುಮಾರು ಎರಡೂವರೆ ಇಂಚು ತ್ರಿಜ್ಯಕ್ಕಿಂತ ಕಿರಿದಾಗಿ ತಿರುಗುವುದಿಲ್ಲ. ಒತ್ತಾಯದಿಂದ ತಿರುಗಿಸಿದರೆ ತಿರುಚಿಕೊಂಡು ವೀಲಿನಿಂದ ಜಾರುತ್ತದೆ, ಇಲ್ಲವೇ ತುಂಡಾಗುತ್ತದೆ.

ಬ್ಲೇಡು ಬದಲಾಯಿಸುವಾಗ ಮೊದಲು ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಲ್ಲು ನಿಮ್ಮ ಕಡೆ ನೋಡುತ್ತಿರಬೇಕು, ತುದಿ ಕೆಳಮುಖವಾಗಿರಬೇಕು. ಮೇಲ್ಮುಖವಾಗಿ ಕಂಡರೆ ಬ್ಲೇಡಿನ ಸುತ್ತು ಒಳಹೊರಗಾಗಿದೆ, ತಿರುವಿ ಹಾಕಿ. ಬ್ಲೇಡು ಅತ್ತಿತ್ತ ಸರಿಯದಂತೆ ತಡೆಯುವ ಮೇಲಿನ ಕೆಳಗಿನ ಗೈಡುಗಳನ್ನೆಲ್ಲ ಹಿಂದಕ್ಕೆ ಸರಿಸಿ, ಟೆನ್ಷನ್ ಕೊಟ್ಟು, ಮೇಲಿನ ವೀಲನ್ನು ಕೈಯಿಂದಲೇ ಹತ್ತಾರು ಸುತ್ತು ತಿರುಗಿಸುತ್ತಾ ಬ್ಲೇಡು ವೀಲಿನ ರಬ್ಬರಿನ ನಡುವೆ ನಿಲ್ಲುವಂತೆ ಟ್ರ್ಯಾಕಿಂಗ್ ಸರಿಮಾಡಿ. ಗೈಡುಗಳ ಸರದಿ ಆಮೇಲೆ. ಪಕ್ಕದ ಗೈಡುಗಳಿಗೂ ಬ್ಲೇಡಿಗೂ ನಡುವೆ ಒಂದು ನೋಟಿನ ದಪ್ಪದಷ್ಟು ಸಂದಿ ಇರಲಿ, ಗೈಡಿನ ಮುಂಭಾಗ ಹಲ್ಲಿನ ಬುಡಕ್ಕಿಂತ ತುಸು ಹಿಂದಿರಲಿ. ಗೈಡು ಹಲ್ಲಿಗೆ ತಾಗಿದರೆ ಹಲ್ಲಿನ ಮೊನೆ ಹಾಳಾಗುತ್ತದೆ. ಹಿಂಬದಿಯ ಬೇರಿಂಗಿಗೆ ಒಂದು ವಿಸಿಟಿಂಗ್ ಕಾರ್ಡಿನಷ್ಟು ಅಂತರ ಬಿಡಿ. ಖಾಲಿ ಓಡುವಾಗ ಅದು ತಿರುಗಬಾರದು, ಮರ ತಳ್ಳಿದಾಗ ಮಾತ್ರ ತಿರುಗಬೇಕು. ಟೇಬಲ್ಲಿನ ಕೆಳಗೂ ಇಂಥದೇ ಗೈಡುಗಳಿವೆ. ಕಣ್ಣಿಗೆ ಕಾಣದ್ದರಿಂದ ಬಹಳ ಜನ ಅವನ್ನು ಮುಟ್ಟುವುದೇ ಇಲ್ಲ, ಕೊಯ್ತ ಓರೆಯಾದಾಗ ಮರ ನೇರ ಸಾಗಲು ಆನಿಸುವ ಪಟ್ಟಿಯನ್ನು (ಫೆನ್ಸು) ಬೈಯುತ್ತಾರೆ.

ಪ್ರತಿ ಸಲ ಮರದ ದಪ್ಪ ಬದಲಾದಾಗಲೂ ಮೇಲಿನ ಗೈಡನ್ನು ಇಳಿಸಿ, ಮರದಿಂದ ಕಾಲು ಇಂಚು ಮೇಲೆ ನಿಲ್ಲಿಸಬೇಕು. ಮಷೀನು ಪೂರ್ತಿ ನಿಂತ ಮೇಲೆ. ಈ ಒಂದು ಕೆಲಸಕ್ಕೆ ಹತ್ತು ಸೆಕೆಂಡು ಸಾಕು, ಆದರೂ ಅತಿ ಹೆಚ್ಚು ತಪ್ಪಿಸುವುದು ಇದನ್ನೇ. ಮುಕ್ಕಾಲು ಇಂಚಿನ ಹಲಗೆ ಕೊಯ್ಯುವಾಗ ಗೈಡು 6 ಇಂಚು ಮೇಲಿದ್ದರೆ ಐದು ಇಂಚಿಗೂ ಹೆಚ್ಚು ಬೆತ್ತಲೆ ಬ್ಲೇಡು ನಿಮ್ಮ ಬೆರಳಿನ ಮಟ್ಟದಲ್ಲೇ ಓಡುತ್ತಿರುತ್ತದೆ. ಜೊತೆಗೆ ಆಸರೆಯಿಲ್ಲದ ಬ್ಲೇಡು ಬಳುಕಿ ಗೆರೆ ಬಿಡುತ್ತದೆ. ಆಗ ಮತ್ತೆ ಕೈಬಲ ಹಾಕುತ್ತೀರಿ.

ಕೈ ಎಲ್ಲಿರಬೇಕು? ಬ್ಲೇಡಿನ ನೇರಕ್ಕೆ ಎಂದೂ ಬೇಡ, ಅದರ ಎರಡೂ ಪಕ್ಕದಲ್ಲಿ, ಕನಿಷ್ಠ 3 ಇಂಚು ದೂರ. ಹೆಬ್ಬೆರಳನ್ನು ಮರದ ಹಿಂದೆ, ಗೆರೆಯ ನೇರಕ್ಕೆ ಇಟ್ಟು ತಳ್ಳುವುದು ತುಂಬ ಕೆಟ್ಟ ಅಭ್ಯಾಸ. ಕೊನೆಯ ಭಾಗಕ್ಕೆ ತಳ್ಳುಕೋಲು ಬಳಸಿ. ಸಣ್ಣ ತುಂಡಾದರೆ ಮೊದಲು ದೊಡ್ಡ ಹಲಗೆಗೆ ಸ್ಕ್ರೂ ಹಾಕಿ ಹಿಡಿಸಿ, ಸ್ಕ್ರೂ ಕೊಯ್ತದ ಗೆರೆಯಿಂದ ದೂರ ಇರಲಿ. ಆಚೆ ಕಡೆ ನಿಂತ ಸಹಾಯಕ ಮರವನ್ನು ಆನಿಸಿ ಹಿಡಿಯಬೇಕೇ ಹೊರತು ಎಳೆಯಬಾರದು. ಎಳೆದರೆ ತಳ್ಳುವವನ ಕೈಗೆ ತಡೆಯ ಅಂದಾಜೇ ಸಿಗುವುದಿಲ್ಲ.

ಈ ಮಷೀನು ನಿಜವಾಗಿ ಕೈಯನ್ನು ಎಳೆದುಕೊಳ್ಳುವ ಸಂದರ್ಭವೂ ಇದೆ: ದುಂಡು ಮರ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರದ ಕೊರಡಿನಂಥ ದುಂಡನೆಯದನ್ನು ಹಾಗೇ ಟೇಬಲ್ಲಿನ ಮೇಲಿಟ್ಟು ಅಡ್ಡ ಕೊಯ್ದರೆ ಹಲ್ಲು ಅದನ್ನು ಕೆಳಕ್ಕೆ ಎಳೆಯುತ್ತದೆ. ಕೊರಡಿಗೆ ಚಪ್ಪಟೆ ತಳವಿಲ್ಲ, ಗಿರ್ರನೆ ಉರುಳುತ್ತದೆ, ಹಿಡಿದ ಬೆರಳೂ ಅದರೊಂದಿಗೆ ಹೋಗುತ್ತದೆ. ಬ್ಲೇಡೂ ತಿರುಚಿ ಮುರಿಯುತ್ತದೆ. ದಪ್ಪ ರೀಪಿನಲ್ಲಿ ಟೇಬಲ್ಲನ್ನು 45 ಡಿಗ್ರಿ ಓರೆಮಾಡಿ ಎರಡು ಕಡೆಯಿಂದ ಕೊಯ್ದು ವಿ ಆಕಾರದ ತೊಟ್ಟಿಲು ಮಾಡಿಟ್ಟುಕೊಳ್ಳಿ, ಕೊರಡನ್ನು ಅದರಲ್ಲಿ ಕ್ಲ್ಯಾಂಪ್ ಮಾಡಿ ತೊಟ್ಟಿಲಿನ ಸಮೇತ ತಳ್ಳಿ. ಸೊಟ್ಟಗಿನ ಹಲಗೆಗೂ ಇದೇ ನಿಯಮ. ಟೇಬಲ್ಲಿನ ಮೇಲೆ ಅಲುಗಾಡುವ ಮರವನ್ನು ಕೊಯ್ಯಬೇಡಿ, ಮೊದಲು ಒಂದು ಮುಖ ರಂದ ಹೊಡೆದು ಸಮ ಮಾಡಿ.

ಉದ್ದನೆಯ ಬಾಗು ಕೊಯ್ತದ ನಡುವೆ ಮರವನ್ನು ಹಿಂದಕ್ಕೆ ತೆಗೆಯಬೇಕಾದರೆ ಮಷೀನು ನಿಲ್ಲಿಸಿಯೇ ತೆಗೆಯಿರಿ. ಓಡುವಾಗ ಎಳೆದರೆ ಬ್ಲೇಡು ವೀಲಿನಿಂದ ಮುಂದಕ್ಕೆ ಬರುತ್ತದೆ. ಹೊರಗಿನ ಅಂಚಿನಿಂದ ಗೆರೆಯವರೆಗೆ ಅಲ್ಲಲ್ಲಿ ಚಿಕ್ಕ ಕಚ್ಚು ಮೊದಲೇ ಹಾಕಿಟ್ಟರೆ ಬೇಡದ ಮರ ತುಂಡುತುಂಡಾಗಿ ಬೀಳುತ್ತದೆ, ಹಿಂದೆಳೆಯುವ ಪ್ರಮೇಯವೇ ಕಡಿಮೆ.

ಕರೆಂಟಿನ ವಿಷಯ ನಮ್ಮ ಊರುಗಳಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಕೊಯ್ಯುವಾಗ ಕರೆಂಟು ಹೋದರೆ ತಕ್ಷಣ ಸ್ವಿಚ್ ಆಫ್ ಮಾಡಿ. ಸಾದಾ ಸ್ವಿಚ್ಚಿನ ಮಷೀನು ಕರೆಂಟು ಬಂದೊಡನೆ ತಾನಾಗಿ ಓಡುತ್ತದೆ, ಆ ಹೊತ್ತಿಗೆ ನೀವು ಬ್ಲೇಡಿನ ಪಕ್ಕದ ತುಂಡು ತೆಗೆಯುತ್ತಿರಬಹುದು. ನೋ ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರ್ ಹಾಕಿಸಿದರೆ ಬಟನ್ ಒತ್ತದೆ ಓಡದು. ತ್ರೀ ಫೇಸ್ ಮೋಟಾರಾದರೆ ಇನ್ನೊಂದು: ಲೈನ್ ರಿಪೇರಿಯಲ್ಲಿ ಎರಡು ಫೇಸ್ ಅದಲು ಬದಲಾದರೆ ಬ್ಲೇಡು ಮೇಲ್ಮುಖವಾಗಿ ಓಡಿ ಮರವನ್ನು ಟೇಬಲ್ಲಿನಿಂದ ಎಬ್ಬಿಸುತ್ತದೆ. ಅಂಥ ಕೆಲಸ ನಡೆದ ಮೇಲೆ ಮರ ಇಡುವ ಮುಂಚೆ ಒಂದು ಕ್ಷಣ ಆನ್ ಆಫ್ ಮಾಡಿ ದಿಕ್ಕು ನೋಡಿ.

ಕೈಗವಸು ಬೇಡ. ಹೆಗಲ ಮೇಲಿನ ಟವೆಲ್, ಮಣಿಕಟ್ಟಿನ ದಾರ, ತೂಗುವ ತೋಳು ಕೂಡ ಬೇಡ. ಕೈಗವಸು ಹಾಕುವುದು ಬ್ಲೇಡು ಬಿಚ್ಚಿ ಸುರುಳಿ ಮಡಚುವಾಗ ಮಾತ್ರ. ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮಾಸ್ಕು. ಗಟ್ಟಿ ಮರದ ಪುಡಿ ಮೂಗಿನ ಕ್ಯಾನ್ಸರಿಗೆ ಕಾರಣವಾಗುತ್ತದೆ.

ಓಡುವಾಗ ಒಂದೇ ತಾಳದಲ್ಲಿ ಟಿಕ್ ಟಿಕ್ ಸದ್ದು ಬಂದರೆ ಬ್ಲೇಡಿನಲ್ಲಿ, ಹೆಚ್ಚಾಗಿ ವೆಲ್ಡಿನ ಹತ್ತಿರ, ಬಿರುಕು ಬಿಟ್ಟಿರಬಹುದು. ಮರ ಬಿಟ್ಟು ಪಕ್ಕಕ್ಕೆ ಸರಿದು ಆಫ್ ಮಾಡಿ. ತುಂಡಾಗಿಯೇ ಹೋಗಿದ್ದರೆ ವೀಲುಗಳು ಪೂರ್ತಿ ನಿಲ್ಲುವವರೆಗೆ ಬಾಗಿಲು ತೆರೆಯಬೇಡಿ. ಬ್ಲೇಡಿಲ್ಲದ ವೀಲು ಆಫ್ ಮಾಡಿದ ಮೇಲೂ ಬಹಳ ಹೊತ್ತು ತಿರುಗುತ್ತದೆ. ಸಂಜೆ ಕೆಲಸ ಮುಗಿಸುವಾಗ ಟೆನ್ಷನ್ ಸಡಿಲಿಸಿ, "ಟೆನ್ಷನ್ ಇಲ್ಲ" ಎಂಬ ಚೀಟಿಯನ್ನು ಸ್ವಿಚ್ಚಿಗೆ ಅಂಟಿಸಿ. ಬೆಳಿಗ್ಗೆ ಮೊದಲು ಬರುವವರು ನೀವಲ್ಲದೆಯೂ ಇರಬಹುದು.