ಮಸ್ಸೆಲ್ ಬಾಯಿ ಬಿಟ್ಟ ಮೇಲೆ

ರಾಟರ್‌ಡ್ಯಾಮ್, 13 ಸೆಪ್ಟೆಂಬರ್ 2025, ಶನಿವಾರ

ಬಿನ್ನೆನ್‌ರಾಟೆ ಸಂತೆಯಲ್ಲಿ ಇವತ್ತಿನ ಮಸ್ಸೆಲ್ (ಎರಡು ಚಿಪ್ಪಿನ ಕಡಲಜೀವಿ) ಚೆನ್ನಾಗಿತ್ತು. ಚಿಪ್ಪು ಹೊಳಪು, ಬಾಯಿ ಬಿಗಿ, ಕೈಗೆ ಭಾರ. ನಮ್ಮ ಕರಾವಳಿಯ ಪಚ್ಚಿಲೆಯ ದಾಯಾದಿ ಇದು. ಅದರ ಅಂಚು ಹಸಿರು, ಇದು ಪೂರಾ ನೀಲಿಗಪ್ಪು. ಇಲ್ಲಿನ ಝೇಲಂಡ್ ಪ್ರಾಂತ್ಯದ ಯೆರ್ಸೆಕೆ ಊರಿನಲ್ಲಿ ಹರಾಜಾಗಿ ಬರುವ ಮಾಲು. ವಸಂತದಲ್ಲಿ ಮೊಟ್ಟೆಯಿಟ್ಟು ಸೊರಗಿದ್ದು ಬೇಸಿಗೆಯಲ್ಲಿ ಮೈ ತುಂಬಿಕೊಳ್ಳುತ್ತದೆ, ಜುಲೈ ಸುಮಾರಿಗೆ ಹಂಗಾಮು ಶುರು. ಮಲ್ಪೆಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧದ 61 ದಿನ ಯಾಂತ್ರೀಕೃತ ದೋಣಿಗಳು ದಡ ಹಿಡಿದಿರುವಾಗಲೇ ಇಲ್ಲಿ ಮಸ್ಸೆಲ್ ಸಂಭ್ರಮ.

ಕೊಳ್ಳುವಾಗ ಪ್ಯಾಕೆಟ್ಟಿನ ಮೇಲಿನ ಪ್ಯಾಕಿಂಗ್ ದಿನಾಂಕ ನೋಡಬೇಕು. ಜೀವಂತ ಮಾಲು ಇದು, ಮೀನಿನ ಲೆಕ್ಕ ಇಲ್ಲಿ ನಡೆಯದು. ಮನೆಗೆ ತಂದು ನೀರಲ್ಲಿ ನೆನೆಹಾಕಿದರೆ ಕೆಟ್ಟಿತು, ಸಿಹಿನೀರಲ್ಲಿ ಸಾಯುತ್ತದೆ. ಮುಚ್ಚಳವಿಲ್ಲದ ಪಾತ್ರೆಯಲ್ಲಿ ಒದ್ದೆ ಬಟ್ಟೆ ಹೊದಿಸಿ ಫ್ರಿಜ್ಜಲ್ಲಿಟ್ಟು, ಅದೇ ದಿನ ಅಥವಾ ಮಾರನೆಯ ದಿನ ಮುಗಿಸುವುದು ಒಳ್ಳೆಯದು.

ಬೇಯಿಸುವ ಮುಂಚೆ ನಲ್ಲಿಯ ಕೆಳಗೆ ಬೇಗ ತೊಳೆದು, ಚಿಪ್ಪಿನ ಸಂದಿಯಿಂದ ಇಣುಕುವ ನಾರನ್ನು (ಇಲ್ಲಿನವರು ಗಡ್ಡ ಅನ್ನುತ್ತಾರೆ) ಕೀಲಿರುವ ಕಡೆಗೆ ಎಳೆದು ಕೀಳಬೇಕು. ಒಡೆದದ್ದು ಕಸಕ್ಕೆ. ಬಾಯಿ ತೆರೆದದ್ದನ್ನು ಇನ್ನೊಂದು ಚಿಪ್ಪಿಗೆ ಕುಟ್ಟಿ ಅರ್ಧ ನಿಮಿಷ ಕಾಯಿರಿ. ಮೆಲ್ಲಗೆ ಮುಚ್ಚಿಕೊಂಡರೆ ಬದುಕಿದೆ, ಇಲ್ಲದಿದ್ದರೆ ಅದೂ ಕಸಕ್ಕೆ.

ಡಚ್ಚರು ಇದನ್ನು ಈರುಳ್ಳಿ, ಲೀಕ್, ಸೆಲರಿ, ಒಂದಿಷ್ಟು ಬಿಳಿ ವೈನ್ ಜತೆ ಬೇಯಿಸಿ ತಲೆಗೊಂದು ಕಿಲೋ ತಿನ್ನುತ್ತಾರೆ. ಗಾಬರಿ ಬೇಡ, ಅದರಲ್ಲಿ ಮಾಂಸ ಸುಮಾರು ಕಾಲು ಭಾಗವಷ್ಟೇ. ಸುಕ್ಕ (ತೆಂಗಿನತುರಿಯ ಒಣ ಮಸಾಲೆ ಪಲ್ಯ) ಮಾಡಿ ಅನ್ನದ ಜತೆ ಉಣ್ಣುವುದಾದರೆ ಒಂದು ಕಿಲೋ ಇಬ್ಬರಿಗೆ ಸಾಕು.

ಊರಿನ ಮರುವಾಯಿ (ಸಣ್ಣ ಚಿಪ್ಪುಜೀವಿ) ಸುಕ್ಕದ ಕ್ರಮವನ್ನು ಹಾಗೇ ಇಲ್ಲಿಗೆ ತಂದರೆ ಎಡವಟ್ಟು. ಮಸಾಲೆಯಲ್ಲಿ ಹಾಕಿ ಹತ್ತು ನಿಮಿಷ ಕುದಿಸಿದರೆ ಮಸ್ಸೆಲ್ ಮುದುಡಿ ರಬ್ಬರಾಗುತ್ತದೆ. ಅದಕ್ಕೇ ಎರಡನ್ನೂ ಬೇರೆ ಬೇರೆ ಮಾಡಿ ಕೊನೆಗೆ ಕೂಡಿಸುವುದು.

ದೊಡ್ಡ ಪಾತ್ರೆಯನ್ನು ಚೆನ್ನಾಗಿ ಕಾಯಿಸಿ, ತಳಕ್ಕೆ ಅರ್ಧ ಲೋಟ ನೀರು, ಮಸ್ಸೆಲ್, ಮುಚ್ಚಳ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ತುಂಬಿದರೆ ಮೇಲಿನದು ಬಾಯಿ ಬಿಡುವಷ್ಟರಲ್ಲಿ ತಳದ್ದು ಬೆಂದು ಗಟ್ಟಿಯಾಗಿರುತ್ತದೆ. ಜೋರು ಉರಿಯಲ್ಲಿ ಐದಾರು ನಿಮಿಷ, ನಡುವೆ ಎರಡು ಸಲ ಮುಚ್ಚಳ ಹಿಡಿದು ಕುಲುಕಿ. ಬಾಯಿ ಬಿಟ್ಟ ತಕ್ಷಣ ಇಳಿಸಿ. ಬಿಡದೇ ಉಳಿದದ್ದನ್ನು ತೆಗೆದುಬಿಡಿ. ಒಳಗೆ ಕೆಲವು ಕಿತ್ತಳೆ, ಕೆಲವು ಕೆನೆಬಣ್ಣ ಕಂಡರೆ ಹಾಳಾಗಿದೆ ಅಂದುಕೊಳ್ಳಬೇಡಿ: ಕಿತ್ತಳೆ ಹೆಣ್ಣು, ಕೆನೆಬಣ್ಣದ್ದು ಗಂಡು.

ಪಾತ್ರೆಯಲ್ಲಿ ಉಳಿದ ರಸ ಬಂಗಾರ. ತೆಳು ಬಟ್ಟೆಯಲ್ಲಿ ಸೋಸಿ, ಕೊನೆಯ ಎರಡು ಚಮಚ ಚೆಲ್ಲಿ, ಮರಳಿರುವುದು ಅಲ್ಲೇ. ಸಮುದ್ರದ ಉಪ್ಪು ಅದರಲ್ಲೇ ಇದೆ.

ಮಸಾಲೆಗೆ: ಬ್ಯಾಡಗಿ ಮೆಣಸು 8, ಕೊತ್ತಂಬರಿ ಬೀಜ ಒಂದೂವರೆ ದೊಡ್ಡ ಚಮಚ, ಜೀರಿಗೆ ಅರ್ಧ ಸಣ್ಣ ಚಮಚ, ಮೆಂತ್ಯ ಏಳೆಂಟು ಕಾಳು, ಕಾಳುಮೆಣಸು 6. ಬೇರೆ ಬೇರೆಯಾಗಿ ಹುರಿದು, ಬೆಳ್ಳುಳ್ಳಿ ಐದು ಎಸಳು, ಚಿಟಿಕೆ ಅರಿಶಿನ, ಗೋಲಿ ಗಾತ್ರದ ಹುಣಸೆಹಣ್ಣಿನ ಜತೆ ನುಣ್ಣಗೆ ಅರೆಯಿರಿ. ತೆಂಗಿನತುರಿ ಒಂದು ಕಪ್ ಕೊನೆಗೆ ಸೇರಿಸಿ ತರಿತರಿಯಾಗಿ ಒಂದೇ ಸುತ್ತು. ಟೋಕೊ (ಏಷ್ಯಾದ ದಿನಸಿ ಮಾರುವ) ಅಂಗಡಿಯ ಫ್ರೀಜ್ ಮಾಡಿದ ತುರಿ ಪರವಾಗಿಲ್ಲ, ಆದರೆ ಪೂರ್ತಿ ಕರಗಿಸಿ ಹಿಂಡಿ. ಆ ನೀರು ಹೋಗದಿದ್ದರೆ ಸುಕ್ಕ ಸಾರಾಗುತ್ತದೆ.

ತೆಂಗಿನೆಣ್ಣೆಯಲ್ಲಿ ಒಂದು ಈರುಳ್ಳಿ, ಕರಿಬೇವು ಬಾಡಿಸಿ, ಮಸಾಲೆ ಹಾಕಿ ಹಸಿ ವಾಸನೆ ಹೋಗುವಷ್ಟು ಕೆದಕಿ. ಸೋಸಿದ ರಸವನ್ನು ಸೌಟು ಸೌಟಾಗಿ ಬಿಟ್ಟು, ಪ್ರತಿ ಸಲ ರುಚಿ ನೋಡಿ, ಇಂಗಿಸಿ. ಬೇರೆ ಉಪ್ಪು ಮುಟ್ಟಲೇಬೇಡಿ. ಒಲೆ ಆರಿಸಿ, ಅರ್ಧ ಚಿಪ್ಪು ಕಳಚಿದ ಮಸ್ಸೆಲ್ ಹಾಕಿ ಹೊರಳಿಸಿದರೆ ಆಯಿತು. ಮಸಾಲೆಯ ಬಿಸಿಯೇ ಸಾಕು.

ಇಲ್ಲಿನವರು ಖಾಲಿ ಜೋಡಿ ಚಿಪ್ಪನ್ನೇ ಚಿಮಟ ಮಾಡಿಕೊಂಡು ಮಾಂಸ ಕಿತ್ತು ತಿನ್ನುತ್ತಾರೆ. ಸುಕ್ಕಕ್ಕೆ ಕೈಯೇ ಸರಿ, ಅರ್ಧ ಚಿಪ್ಪಿಗೆ ಅಂಟಿದ ಮಸಾಲೆ ಚೀಪುವುದಕ್ಕೆ ಚಿಮಟ ಬಾರದು.

ಚಿಪ್ಪನ್ನು ಚೀಲದಲ್ಲಿ ಗಂಟು ಕಟ್ಟಿ ರಾತ್ರಿಯೇ ಹೊರಗಿನ ಕಸದ ಡಬ್ಬಿಗೆ ಹಾಕಿಬಿಡಿ. ಸೋಮವಾರದವರೆಗೆ ಅಡುಗೆಮನೆಯಲ್ಲಿಟ್ಟರೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ.