ನ್ಯೂ ಆರ್ಲಿಯನ್ಸಿನ ಮಣಿ ಸೂಟುಗಳು

ಊರಿನಿಂದ ಫೋನ್ ಮಾಡಿದವರೆಲ್ಲ ನ್ಯೂ ಆರ್ಲಿಯನ್ಸ್ ಅಂದ ಕೂಡಲೇ ಜಾಝ್ ಕೇಳಿದೆಯಾ, ಮಾರ್ಡಿ ಗ್ರಾ ಮೆರವಣಿಗೆ ನೋಡಿದೆಯಾ ಎನ್ನುತ್ತಾರೆ. ಎರಡೂ ಆಗಿದೆ. ಮಾರ್ಡಿ ಗ್ರಾ ಎಂದರೆ ಕ್ರೈಸ್ತರ ಉಪವಾಸದ ದಿನಗಳಿಗೆ ಮುಂಚೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ, ಅಮೆರಿಕದ ದಕ್ಷಿಣದ ಈ ಊರಿನಲ್ಲಿ ನಡೆಯುವ ಬೀದಿ ಹಬ್ಬ. ಆದರೆ ಈ ಊರಿನ ಸಂಗೀತದ ಬೇರು ಎಲ್ಲಿದೆ ಎಂದು ನನಗೆ ತೋರಿಸಿಕೊಟ್ಟವರು ಸೂಜಿ ಹಿಡಿದು ಕೂತ ಗಂಡಸರು. ಹಗಲು ಪ್ಲಂಬಿಂಗ್, ಗಾರೆ ಕೆಲಸ, ಬಸ್ ಓಡಿಸುವುದು. ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಮಣಿಯ ಡಬ್ಬಿಗಳು. ಇವರನ್ನು ಮಾರ್ಡಿ ಗ್ರಾ ಇಂಡಿಯನ್ಸ್ ಎನ್ನುತ್ತಾರೆ, ಈಚೆಗೆ ಹಲವರು ಬ್ಲ್ಯಾಕ್ ಮಾಸ್ಕಿಂಗ್ ಇಂಡಿಯನ್ಸ್ ಎಂದೇ ಕರೆದುಕೊಳ್ಳುತ್ತಾರೆ. ಗರಿ, ಮಣಿಗಳ ವೇಷ ತಾವೇ ಹೊಲಿದು ತೊಟ್ಟು, ಮಾರ್ಡಿ ಗ್ರಾ ದಿನ ಬಳಗ ಬಳಗವಾಗಿ ಬೀದಿಗಿಳಿಯುವ ಕಪ್ಪು ಜನ ಇವರು. ಆ ವೇಷಕ್ಕೆ ಸೂಟು ಎನ್ನುತ್ತಾರೆ. ಇಂಡಿಯನ್ಸ್ ಎಂದರೆ ಇಲ್ಲಿ ಅಮೆರಿಕದ ಮೂಲನಿವಾಸಿಗಳು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡಿದ ಕಪ್ಪು ಜನರಿಗೆ ಆಸರೆ ಕೊಟ್ಟವರು ಅವರು, ಆ ಋಣಕ್ಕೆ ಈ ವೇಷ ಎಂದು ಇಲ್ಲಿನ ಹಿರಿಯರು ಹೇಳುತ್ತಾರೆ.

ನಮ್ಮ ಬೀದಿಯ ಆಚೆ ತುದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಸಂಜೆ ವರಾಂಡದಲ್ಲಿ ಕೂತು ಹೊಲಿಯುತ್ತಾರೆ. ಮೊದಮೊದಲು ನಾನು ದೂರದಿಂದ ಕೈ ಬೀಸಿ ಹೋಗುತ್ತಿದ್ದೆ. ಆಮೇಲೆ ಅವರೇ ಕರೆದು ಕುರ್ಚಿ ತೋರಿಸಿದರು. ಮರದ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದು, ಅದರ ಮೇಲೆ ಪೆನ್ಸಿಲ್‌ನಲ್ಲಿ ಚಿತ್ರ ಬರೆದು, ಸಾಸಿವೆಗಿಂತ ತುಸು ದೊಡ್ಡ ಗಾಜಿನ ಮಣಿಗಳನ್ನು ಒಂದೊಂದೋ ಎರಡೆರಡೋ ಪೋಣಿಸಿ ಕೂರಿಸುತ್ತಾರೆ. ಸೂಜಿ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ದಾರಕ್ಕೆ ಮೇಣ. ಒಂದು ಕುದುರೆಯ ಕಣ್ಣು ಮುಗಿಯುವಷ್ಟರಲ್ಲಿ ಕತ್ತಲಾಗಿರುತ್ತದೆ. ಹೀಗೆ ತಯಾರಾದ ಒಂದೊಂದು ತುಂಡಿಗೂ ಪ್ಯಾಚ್ ಎನ್ನುತ್ತಾರೆ. ಎದೆಗೊಂದು, ಸೊಂಟದ ಕೆಳಗೆ ಮುಂದೆ ಇಳಿಬೀಳುವ ಏಪ್ರನ್‌ಗೆ ದೊಡ್ಡದು, ತೋಳಿಗೆ, ಬೂಟಿಗೆ. ಎಲ್ಲದರ ಅಂಚಿಗೂ ಮೆತ್ತನೆಯ ಪುಕ್ಕದ ಕಟ್ಟು. ತಲೆಯ ಮೇಲಿನ ಕಿರೀಟಕ್ಕೆ ಉಷ್ಟ್ರಪಕ್ಷಿಯ ಬಣ್ಣದ ಗರಿಗಳು. ಇಡೀ ಸೂಟು 40-50 ಕಿಲೋ ತೂಗುವುದೂ ಉಂಟು. ಅದನ್ನು ಹೊತ್ತು ಮೈಲಿಗಟ್ಟಲೆ ನಡೆಯಬೇಕು, ಕುಣಿಯಬೇಕು, ಹಾಡಬೇಕು.

ಅಪ್‌ಟೌನ್ ಕಡೆಯವರು, ಅಂದರೆ ಊರಿನಲ್ಲಿ ನದಿಯ ಮೇಲುಭಾಗದವರು, ಹೀಗೆ ಮಣಿಯಲ್ಲಿ ಕಥೆ ಬರೆಯುತ್ತಾರೆ: ಯುದ್ಧ, ಬೇಟೆ, ಬಯಲಿನ ಕುದುರೆಗಳು. ನದಿಯ ಕೆಳಭಾಗದ ಡೌನ್‌ಟೌನ್ ಕಡೆಯವರದು ಉಬ್ಬುಶಿಲ್ಪದ ಹಾಗೆ ಮೈಯಿಂದ ಹೊರಗೆ ಚಾಚಿಕೊಳ್ಳುವ ಕೆಲಸ, ಮಿಂಚುಬಿಲ್ಲೆ ಜಾಸ್ತಿ. ಲೋವರ್ ನೈಂತ್ ವಾರ್ಡ್ ಬಡಾವಣೆಯ ಬಿಗ್ ಚೀಫ್, ಅಂದರೆ ಬಳಗದ ನಾಯಕ, ಡಿಮಾಂಡ್ ಮೆಲಾನ್ಸನ್ ಅವರ ಮಣಿಚಿತ್ರಗಳು ಈಗ ಗ್ಯಾಲರಿಗಳಲ್ಲಿ ತೂಗುತ್ತವೆ. ಅವರು ಒಂದು ಸೂಟಿಗೆ ಆರಿಸಿಕೊಂಡ ವಸ್ತು ಬ್ರಾ ಕೂಪೆ. ಒಂದು ತೋಳು ಕಳೆದುಕೊಂಡು, ಜೌಗು ಕಾಡಿಗೆ ಓಡಿಹೋಗಿ, 1837ರಲ್ಲಿ ಕೊಲೆಯಾದ ಗುಲಾಮ ಆತ. ಕಾಂಗೋ ಸ್ಕ್ವೇರಿನಲ್ಲಿ ಅವನಂಥ ಕುಣಿತಗಾರ ಇನ್ನೊಬ್ಬನಿರಲಿಲ್ಲವೆಂದು ಐತಿಹ್ಯ.

ಕಾಂಗೋ ಸ್ಕ್ವೇರ್ ಇಂದಿಗೂ ಇದೆ, ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರಿನ ಪಾರ್ಕಿನೊಳಗೆ, ಟ್ರೆಮೆ ಬಡಾವಣೆಗೆ ಅಂಟಿಕೊಂಡು. ಭಾನುವಾರಗಳಂದು ಗುಲಾಮರು ಇಲ್ಲಿ ಸೇರಿ ತಮ್ಮ ನಾಡಿನ ಡೋಲು ಬಾರಿಸಿ ಕುಣಿಯುತ್ತಿದ್ದರು. 1817ರ ಕಾನೂನು ಅವರು ಸೇರುವುದನ್ನು ಒಂದೇ ಜಾಗಕ್ಕೆ ಕಟ್ಟಿಹಾಕಿತು. ಆ ಜಾಗವೇ ಇದಾಯಿತು. ಅಮೆರಿಕದ ಬೇರೆ ಕಡೆ ಗುಲಾಮರ ಕೈಯಿಂದ ಡೋಲು ಕಿತ್ತುಕೊಂಡ ಕಾಲದಲ್ಲಿ ಇಲ್ಲಿ ಅದು ಉಳಿಯಿತು. ಜಾಝ್ ಬಗ್ಗೆ ಕೇಳುವವರಿಗೆ ನಾನು ಮೊದಲು ಹೇಳುವುದು ಈ ಮಾತನ್ನೇ.

ಆ ಲಯ ಇಂದು ಬದುಕಿರುವುದು ಇಂಡಿಯನ್ನರ ಪ್ರ್ಯಾಕ್ಟೀಸಿನಲ್ಲಿ. ಹಬ್ಬಕ್ಕೆ ಮುಂಚಿನ ತಿಂಗಳುಗಳಲ್ಲಿ ಭಾನುವಾರ ಸಂಜೆ ಬಡಾವಣೆಯ ಬಾರುಗಳಲ್ಲಿ ಸೇರುತ್ತಾರೆ. ತುತ್ತೂರಿ ಇಲ್ಲ, ಪಿಯಾನೋ ಇಲ್ಲ. ಟ್ಯಾಂಬರೀನ್, ಡೋಲು, ದನದ ಗಂಟೆ, ಕೋಲಿನಿಂದ ಬಡಿಯುವ ಬಾಟಲಿ. ಚೀಫ್ ಒಂದು ಸಾಲು ಎತ್ತಿಕೊಡುತ್ತಾನೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಹೊಲಿದ ಸೂಟಿನ ಬಗ್ಗೆ, ಸತ್ತ ಚೀಫ್‌ಗಳ ಬಗ್ಗೆ, ತನ್ನ ಬಳಗ ಯಾರಿಗೂ ಮಣಿಯದೆಂಬ ಹೆಮ್ಮೆಯ ಬಗ್ಗೆ ಆ ಕ್ಷಣಕ್ಕೆ ಬಂದ ಮಾತು ಹಾಡಾಗುತ್ತದೆ. ಶುರುವಿಗೂ ಮುಕ್ತಾಯಕ್ಕೂ ಹಾಡುವುದು 'ಇಂಡಿಯನ್ ರೆಡ್'. ಅದು ಇವರ ಪ್ರಾರ್ಥನೆ. ಆಗ ಟೋಪಿ ತೆಗೆಯುತ್ತಾರೆ, ಹರಟೆ ನಿಲ್ಲುತ್ತದೆ. ಒಬ್ಬೊಬ್ಬರನ್ನೂ ಅವರ ಸ್ಥಾನ ಹಿಡಿದು ಕರೆಯುತ್ತಾರೆ: ಎಲ್ಲರಿಗಿಂತ ಮುಂದೆ ಹೋಗಿ ದಾರಿ ನೋಡುವ ಸ್ಪೈ ಬಾಯ್, ಸುದ್ದಿ ದಾಟಿಸುವ ಫ್ಲ್ಯಾಗ್ ಬಾಯ್, ಕೊಂಬಿನ ತಲೆಯುಡುಗೆ ತೊಟ್ಟು ಜನರನ್ನು ಸರಿಸುವ ವೈಲ್ಡ್ ಮ್ಯಾನ್, ಕ್ವೀನ್, ಕೊನೆಗೆ ಬಿಗ್ ಚೀಫ್.

ಜಾಝ್‌ನ ಆದಿಪುರುಷರಲ್ಲೊಬ್ಬನಾದ ಜೆಲ್ಲಿ ರೋಲ್ ಮಾರ್ಟನ್ ಹುಡುಗನಾಗಿದ್ದಾಗ ಸ್ಪೈ ಬಾಯ್ ಆಗಿದ್ದ. 1938ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿಗಾಗಿ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಮಾಡಿದ ಧ್ವನಿಮುದ್ರಣದಲ್ಲಿ ಅವನೇ ಅದನ್ನು ಹೇಳಿ, ಹಾಡು ಕೂಡ ಹಾಡಿದ್ದಾನೆ. ನಿಮ್ಮಲ್ಲಿ ಅನೇಕರು ಕೇಳಿರಬಹುದಾದ 'ಐಕೋ ಐಕೋ' ಹಾಡು ಇದೆಯಲ್ಲ, ಅದೂ ಹುಟ್ಟಿದ್ದು ಈ ಬೀದಿಯ ಕೂಗುಗಳಿಂದ. ಶುಗರ್ ಬಾಯ್ ಕ್ರಾಫರ್ಡ್ 1953ರಲ್ಲಿ ಬೇರೆ ಹೆಸರಿನಲ್ಲಿ ಅದನ್ನು ಮುದ್ರಿಸಿದ್ದ. ಇಂದಿನ ಸ್ಯಾಕ್ಸೊಫೋನ್ ವಾದಕ ಡೊನಾಲ್ಡ್ ಹ್ಯಾರಿಸನ್ ಜೂನಿಯರ್ ಸ್ವತಃ ಬಿಗ್ ಚೀಫ್, ಅವರ ತಂದೆಯೂ ಚೀಫ್ ಆಗಿದ್ದವರು.

ಈ ಬಳಗಗಳಲ್ಲಿ ಮೊದಲನೆಯದೆಂದು ಕೇಳಿಬರುವುದು ಕ್ರಿಯೋಲ್ ವೈಲ್ಡ್ ವೆಸ್ಟ್, 1880ರ ದಶಕದ್ದು, ಬೆಕಾಟೆ ಬಟಿಸ್ಟ್ ಕಟ್ಟಿದ್ದು. ಬಿಳಿಯರ ಮಾರ್ಡಿ ಗ್ರಾ ಮೆರವಣಿಗೆಗಳಲ್ಲಿ ಕಪ್ಪು ಜನರಿಗೆ ಜಾಗವಿರಲಿಲ್ಲ. ಅವರು ತಮ್ಮ ಹಿಂಬೀದಿಗಳಲ್ಲಿ ತಮ್ಮದೇ ಹಬ್ಬ ಮಾಡಿಕೊಂಡರು. ಆಗೆಲ್ಲ ಎರಡು ಬಳಗ ಎದುರಾದರೆ ಚಾಕು, ಕೊಡಲಿಗಳು ಹೊರಬರುತ್ತಿದ್ದವು. ಹಳೆಯ ಹಗೆ ತೀರಿಸಿಕೊಳ್ಳುವ ದಿನವೂ ಅದೇ. ಅದನ್ನು ಬದಲಿಸಿದ ಹಿರಿಮೆ ಬಟಿಸ್ಟನ ವಂಶದವರೇ ಆದ ಆಲಿಸನ್ 'ಟೂಟಿ' ಮೊಂಟಾನಾ ಅವರದ್ದು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಯೆಲ್ಲೋ ಪೊಕಹೊಂಟಸ್ ಬಳಗದ ಚೀಫ್. ಗೋಡೆಗೆ ಗಾರೆ ಹಿಡಿಯಲೆಂದು ಪಟ್ಟಿ ಕಟ್ಟುವುದು ಅವರ ಕಸುಬು. ಚೌಕಟ್ಟು ಕಟ್ಟಿ ಪಳಗಿದ ಆ ಕೈಯಿಂದಲೇ ಡೌನ್‌ಟೌನ್ ಸೂಟಿನ ಉಬ್ಬುಕೆಲಸ ಬೆಳೆಯಿತು. ಯಾರ ಸೂಟು ಚೆಂದ ಎಂಬುದರಲ್ಲೇ ಸೋಲು ಗೆಲುವು ಎಂದು ಅವರು ಹಟ ಹಿಡಿದರು, ಹಾಗೆಯೇ ಹೊಲಿದು ತೋರಿಸಿದರು. ಐವತ್ತಕ್ಕೂ ಹೆಚ್ಚು ವರ್ಷ, ವರ್ಷಕ್ಕೊಂದು ಹೊಸ ಸೂಟು. 1987ರಲ್ಲಿ ದೇಶದ ಪರಂಪರೆಯ ಕಲಾವಿದರಿಗೆ ಕೊಡುವ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಅವರಿಗೆ ಸಂದಿತು.

2005ರ ಮಾರ್ಚ್ 19, ಸೇಂಟ್ ಜೋಸೆಫ್ ರಾತ್ರಿ. ಇಂಡಿಯನ್ನರು ಮತ್ತೆ ಸೂಟು ತೊಟ್ಟು ಹೊರಬರುವ ಇರುಳು ಅದು. ಅಂದು ಪೊಲೀಸರು ಅವರನ್ನು ಚದುರಿಸಿದರು. ಜೂನ್ 27ರಂದು ನಗರಸಭೆಯಲ್ಲಿ ಆ ಬಗ್ಗೆ ವಿಚಾರಣೆ ನಡೆಯಿತು. 82 ವರ್ಷದ ಮೊಂಟಾನಾ ಉಳಿದ ಚೀಫ್‌ಗಳ ಜೊತೆ ಎದ್ದು ನಿಂತು, ತಮ್ಮ ಜನ ದಶಕಗಳಿಂದ ಪೊಲೀಸರ ಕೈಯಲ್ಲಿ ಅನುಭವಿಸಿದ್ದನ್ನು ಹೇಳುತ್ತ ಹೇಳುತ್ತ ಅಲ್ಲೇ ಕುಸಿದರು. ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಸಭೆಯಲ್ಲಿದ್ದವರು 'ಇಂಡಿಯನ್ ರೆಡ್' ಹಾಡಿದರು. ಎರಡೇ ತಿಂಗಳಿಗೆ ಕತ್ರೀನಾ ಚಂಡಮಾರುತ ಬಂದು ಈ ಬಡಾವಣೆಗಳಲ್ಲಿ ಬಹುಪಾಲನ್ನು ಮುಳುಗಿಸಿತು. ಹ್ಯೂಸ್ಟನ್, ಅಟ್ಲಾಂಟಾಗಳಿಗೆ ಚೆದುರಿದ ಜನರಲ್ಲಿ ಕೆಲವರು ಮುಂದಿನ ಮಾರ್ಡಿ ಗ್ರಾ ಹೊತ್ತಿಗೆ ಸೂಟು ತೊಟ್ಟು ಹಿಂದಿರುಗಿದರು. ಮನೆಗೆ ಸೂರಿಲ್ಲದವರು ಮಣಿ ಪೋಣಿಸುತ್ತಿದ್ದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಕ್ಲೇಬೋರ್ನ್ ಅವೆನ್ಯೂ ಬಗ್ಗೆಯೂ ಹೇಳಬೇಕು. ಸಾಲು ಸಾಲು ಓಕ್ ಮರಗಳ ಕೆಳಗೆ ಕಪ್ಪು ಜನರ ಮಾರ್ಡಿ ಗ್ರಾ ನಡೆಯುತ್ತಿದ್ದ ಬೀದಿ ಅದು. 1966ರಲ್ಲಿ ಹೆದ್ದಾರಿಗಾಗಿ ಆ ಮರಗಳನ್ನು ಕಡಿದರು. ಈಗ ಅಲ್ಲಿರುವುದು ಕಾಂಕ್ರೀಟ್ ಕಂಬಗಳು, ಮೇಲೆ ಲಾರಿಗಳ ಸದ್ದು. ಇಂಡಿಯನ್ನರು ಆ ಮೇಲ್ಸೇತುವೆಯ ಕೆಳಗೇ ಸೇರುತ್ತಾರೆ. ಡೋಲಿನ ಪೆಟ್ಟು ಕಾಂಕ್ರೀಟಿಗೆ ಬಡಿದು ಇಮ್ಮಡಿಯಾಗಿ ಬರುತ್ತದೆ.

ನನ್ನೂರು ಯಲ್ಲಾಪುರದ ಕಡೆ. ನಮ್ಮ ಸಿದ್ದಿ ಜನರ ಹಿರಿಯರೂ ಆಫ್ರಿಕಾದಿಂದಲೇ ಬಂದವರು, ಅನೇಕರು ಗುಲಾಮರಾಗಿ. ಅವರ ಡಮಾಮಿ ಕುಣಿತ ಎಲ್ಲರಿಗೂ ಗೊತ್ತು. ಹಳೆಯ ಬಟ್ಟೆಯ ತುಂಡುಗಳಿಂದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು, ಅಂಚಿನಿಂದ ನಡುವಿಗೆ ಬರುತ್ತ ಕೊನೆಗೆ ಮೂಲೆಗಳಿಗೆ ಹೂವು ಹಚ್ಚುವ ಆ ಕೆಲಸವನ್ನು, ಕಲೆಯೆಂದು ಎಷ್ಟು ಜನ ನೋಡಿದ್ದೇವೆ? ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಸೆಂಟರ್, ಕಪ್ಪು ಜನರ ಸಂಸ್ಕೃತಿಯ ದೊಡ್ಡ ಭಂಡಾರ, 2011ರಲ್ಲಿ ಆ ಕೌದಿಗಳ ಪ್ರದರ್ಶನವನ್ನೇ ಏರ್ಪಡಿಸಿತ್ತು. ಇದನ್ನು ವರಾಂಡದ ಹಿರಿಯರಿಗೆ ಹೇಳಿ ಫೋನಿನಲ್ಲಿ ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಹೊಲಿಗೆ ಯಾವ ಕಡೆಯಿಂದ ಶುರು, ದಾರ ಎಷ್ಟು ಎಳೆಯದು ಎಂದು ಕೇಳಿದರು.

ಹಣದ ಮಾತು ನನಗೆ ನೋವು ಕೊಡುವ ಸಂಗತಿ. ಒಂದು ಸೂಟಿಗೆ ಸಾವಿರಾರು ಡಾಲರ್ ಸ್ವಂತ ದುಡ್ಡು ಹೋಗುತ್ತದೆ. ಅದರ ಫೋಟೋ ಕ್ಯಾಲೆಂಡರು, ಪೋಸ್ಟರುಗಳಲ್ಲಿ ಮಾರಾಟವಾಗುತ್ತದೆ, ಹೊಲಿದವನಿಗೆ ಬಿಡಿಗಾಸಿಲ್ಲ. ಅಮೆರಿಕದ ಕಾನೂನಿನಲ್ಲಿ ತೊಡುವ ಬಟ್ಟೆಗೆ ಹಕ್ಕುಸ್ವಾಮ್ಯ ಸಿಗುವುದು ಕಷ್ಟ. ಹಾಗಾಗಿ 2010ರ ಸುಮಾರಿಗೆ ಇಲ್ಲಿನ ವಕೀಲರು ಸೂಟನ್ನು ಶಿಲ್ಪವೆಂದು ನೋಂದಾಯಿಸುವ ದಾರಿ ಹುಡುಕಿದರು. ಶಿಲ್ಪ ಎನ್ನುವುದು ನನಗೂ ಒಪ್ಪಿಗೆ. ಮ್ಯೂಸಿಯಮ್ಮಿನ ಗಾಜಿನ ಹಿಂದೆ ಇಟ್ಟಾಗ ಮಣಿಯ ಕೆಲಸ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಅದು ಅರ್ಧ ಮಾತ್ರ. ಒಳಗೆ ಬೆವರುವ ಮೈ ಇರಬೇಕು, ಹಿಂದೆ ಟ್ಯಾಂಬರೀನ್ ಇರಬೇಕು, ಎದುರಿಗೆ ಇನ್ನೊಬ್ಬ ಚೀಫ್ ನಿಂತಿರಬೇಕು. ಆಗಲೇ ಗರಿಗಳು ಬಿಚ್ಚಿಕೊಳ್ಳುವುದು. ಹಬ್ಬಗಳು ಮುಗಿದ ಮೇಲೆ ಬಹಳ ಜನ ಸೂಟನ್ನೇ ಬಿಚ್ಚಿ, ಮಣಿ ಗರಿಗಳನ್ನು ಮುಂದಿನದಕ್ಕೆ ಎತ್ತಿಡುತ್ತಾರೆ.

ಇತ್ತ ಬರುವವರಿದ್ದರೆ ಮಾರ್ಚ್ ತಿಂಗಳಲ್ಲಿ ಬನ್ನಿ. ಮೂರನೆಯ ಭಾನುವಾರದ ಸೂಪರ್ ಸಂಡೇ ದಿನ ಅಪ್‌ಟೌನಿನ ಎ. ಎಲ್. ಡೇವಿಸ್ ಪಾರ್ಕ್ ಹತ್ತಿರ ಬಳಗಗಳು ಹಗಲಲ್ಲೇ ಸೇರುತ್ತವೆ, ಮಕ್ಕಳೂ ಪುಟ್ಟ ಸೂಟು ತೊಟ್ಟಿರುತ್ತಾರೆ. ಮಾರ್ಡಿ ಗ್ರಾ ದಿನ ಅವರು ಯಾವ ಬೀದಿಗೆ ಬರುತ್ತಾರೆಂದು ಮೊದಲೇ ಯಾರೂ ಹೇಳುವುದಿಲ್ಲ. ಡೋಲು ಕೇಳಿದತ್ತ ನಡೆಯಬೇಕು. ಟ್ರೆಮೆಯ ಸೇಂಟ್ ಫಿಲಿಪ್ ಬೀದಿಯಲ್ಲಿರುವ ಬ್ಯಾಕ್‌ಸ್ಟ್ರೀಟ್ ಕಲ್ಚರಲ್ ಮ್ಯೂಸಿಯಂ ತಪ್ಪಿಸಬೇಡಿ, ಈ ಜನರೇ ತಮ್ಮದನ್ನು ತಾವೇ ಕಾಪಿಟ್ಟ ಜಾಗ ಅದು. ವೈಲ್ಡ್ ಮ್ಯಾನ್ ಬಂದರೆ ದಾರಿ ಬಿಡಿ. ಗರಿ ಮುಟ್ಟಬೇಡಿ. ಫೋಟೋಗೆ ಮೊದಲು ಕೇಳಿ, ತೆಗೆದರೆ ಕೈಯಲ್ಲಿ ಒಂದಿಷ್ಟು ದುಡ್ಡು ಕೊಡಿ. ಸೂಟು ಚೆಂದವಿದೆ ಎಂದು ಬಾಯಿಬಿಟ್ಟು ಹೇಳಿ. ಅವರು ವರ್ಷವಿಡೀ ಕಾದಿರುವುದು ಆ ಮಾತು ಕೇಳಲಿಕ್ಕೆ.