ಕಸದಂತೆ ಕಾಣುವ ಗೂಡು

ಬಾಲ್ಕನಿಯ ಬಟ್ಟೆ ಹಗ್ಗದ ತುದಿಯಲ್ಲಿ ಏನೋ ಕಸ ನೇತಾಡುತ್ತಿತ್ತು. ಒಣ ಎಲೆಯ ಚೂರು, ತೊಗಟೆ, ಜೇಡರ ಬಲೆ. ಮರುದಿನ ನೋಡಿದರೆ ಕಸ ಇನ್ನಷ್ಟು ಉದ್ದವಾಗಿತ್ತು. ಸೂರಕ್ಕಿ ಗೂಡು ಕಟ್ಟಲು ಶುರು ಮಾಡಿತ್ತು!

ಕೆಲಸವೆಲ್ಲ ಹೆಣ್ಣಿನದೇ. ಗಂಡಿನ ಹೊಟ್ಟೆ ಹಳದಿ, ಬೆನ್ನಿನ ಕೆಳಗೆ ನೇರಳೆ ಮಿಂಚು. ಚೆಂದವೇನೋ ಚೆಂದ, ಆದರೆ ಒಂದು ನಾರನ್ನೂ ತಂದದ್ದು ನಾನು ಕಾಣಲಿಲ್ಲ. ಕಿಟಕಿ ಗಾಜಿನಲ್ಲಿ ಕಾಣುವ ತನ್ನದೇ ಬಿಂಬದ ಜೊತೆ ಜಗಳ ಕಾಯುವುದರಲ್ಲೇ ಅದಕ್ಕೆ ಹೊತ್ತು ಹೋಗುತ್ತಿತ್ತು. ಬೆಳಗಾದರೆ ಟಕ್ ಟಕ್. ಕೊನೆಗೆ ಗಾಜಿನ ಹೊರಗೆ ಹಳೇ ಬೆಡ್‌ಶೀಟ್ ಇಳಿಬಿಟ್ಟೆವು.

ಹೆಣ್ಣು ಸೂರಿನ ಮೂಲೆಗೆ ಹೋಗಿ, ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತು, ಜೇಡರ ಬಲೆಯನ್ನು ಕೊಕ್ಕಿನಿಂದ ಎಳೆದು ತರುತ್ತಿತ್ತು. ಬಲೆಯೇ ಅಂಟು, ಬಲೆಯೇ ದಾರ. ಒಳಗೆ ಕೂತು ಎದೆಯಿಂದ ಒತ್ತಿ ಒತ್ತಿ ಗೂಡನ್ನು ಉಬ್ಬಿಸಿತು. ಪಕ್ಕದಲ್ಲಿ ಬಾಗಿಲು, ಅದರ ಮೇಲೊಂದು ಪುಟ್ಟ ಸಜ್ಜಾ. ಒಳಗೆಲ್ಲ ಮೆತ್ತನೆ ನಾರು. ಹೊರಗೆ ಮಾತ್ರ ಕಂಬಳಿಹುಳುವಿನ ಹಿಕ್ಕೆಯನ್ನೂ ಬಿಡದೆ ಅಂಟಿಸಿತ್ತು. ಮನೆಗೆ ಬಂದವರು "ಅದನ್ನೊಂದು ಗುಡಿಸಿಬಿಡಬಾರದಾ?" ಅಂದರೆ ನಮಗೆ ಖುಷಿ. ಮನುಷ್ಯರೇ ಮೋಸ ಹೋದರೆ ಕಾಗೆಯೂ ಹೋಗಬಹುದು, ಅಲ್ವಾ?

ಈ ಹಕ್ಕಿ ಸಾಮಾನ್ಯವಾಗಿ 2 ಮೊಟ್ಟೆ ಇಡುತ್ತದೆ. ಕಾವಿಗೆ ಸುಮಾರು ಎರಡು ವಾರ. ಆ ದಿನಗಳಲ್ಲಿ ಕಂಡದ್ದು ಬಾಗಿಲಿನಿಂದ ಹೊರಚಾಚಿದ ಬಾಗಿದ ಕೊಕ್ಕು ಒಂದೇ.

ಮರಿ ಬಂದ ಮೇಲೆ ಗಂಡಿಗೂ ಜವಾಬ್ದಾರಿ ಬಂತು. ತಾವು ಮಕರಂದ ಹೀರುವ ಹಕ್ಕಿಗಳು, ಮರಿಗೆ ತರುವುದು ಮಾತ್ರ ಜೇಡ, ಸಣ್ಣ ಹುಳ. ಬೆಳೆಯುವ ಮೈಗೆ ಬರೀ ಸಿಹಿನೀರು ಸಾಲುತ್ತಾ? ತಿಂದ ಮರಿ ಒಳಗೇ ತಿರುಗಿ ಹಿಂಭಾಗವನ್ನು ಬಾಗಿಲಿಗೆ ಒಡ್ಡುತ್ತಿತ್ತು. ತೆಳು ಪೊರೆ ಸುತ್ತಿದ ಬಿಳಿ ಪೊಟ್ಟಣ ಹೊರಬರುತ್ತಿತ್ತು. ಹಿಕ್ಕೆಯೇ, ಆದರೆ ಎಷ್ಟು ಅಚ್ಚುಕಟ್ಟು! ತಾಯಿ ಅದನ್ನು ಕೊಕ್ಕಲ್ಲಿ ಕಚ್ಚಿ, ಕಾಂಪೌಂಡ್ ದಾಟಿ ಎಸೆದು ಬರುತ್ತಿತ್ತು. ನೆಲದ ಮೇಲೆ ಹಿಕ್ಕೆ ಬಿದ್ದರೆ ಮೇಲೆ ಗೂಡಿದೆ ಎಂದು ಬೆಕ್ಕಿಗೂ ಗೊತ್ತಾಗುತ್ತದೆ. ಬಳಿಯುವ ಕೆಲಸ ನನಗೂ ತಪ್ಪಿತು ಅನ್ನಿ.

ಹಾರುವ ದಿನ ಒಂದು ಮರಿ ಸುಮ್ನೆ ಹೊರಟೇ ಹೋಯಿತು. ಇನ್ನೊಂದು ಬಾಗಿಲಲ್ಲಿ ತಲೆ ಇಟ್ಟು ಕೂತೇ ಇತ್ತು. ತಾಯಿ ಜೇಡ ಕಚ್ಚಿಕೊಂಡು ಎದುರಿನ ಗ್ರಿಲ್ ಮೇಲೆ ಕೂತಿತು, ಹತ್ತಿರ ಮಾತ್ರ ಸುಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಸಿವು ಜಾಸ್ತಿಯಾಗಿರಬೇಕು. ಮರಿ ಹಾರಿತು ಅನ್ನುವುದಕ್ಕಿಂತ ಬಿತ್ತು ಅನ್ನಬೇಕು, ನೇರ ದಾಸವಾಳದ ಕುಂಡಕ್ಕೆ. ಅಲ್ಲೇ ಬಾಯಿ ತೆರೆಯಿತು. ಜೇಡವೂ ಸಿಕ್ಕಿತು, ಹಿಂದೆಯೇ ಅಪ್ಪನ ಕಡೆಯಿಂದ ಒಂದು ಹುಳವೂ.